ಜೂಡೊ ಬಿಟ್ಟು ಎಂಎಂಎಗೆ ಹೋಗಲೇ? 22ರ ಯುವತಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 22 ವರ್ಷ. ಶಾಲೆಯಲ್ಲಿದ್ದಾಗಿನಿಂದ ಜೂಡೊ ಆಡುತ್ತಿದ್ದೇನೆ, 57 ಕೆ.ಜಿ. ವಿಭಾಗ. ಮಾಮೂಲಿ ದಿನಗಳಲ್ಲಿ ತೂಕ 58 ಇರುತ್ತದೆ. ಈಗ ಎಂಎಂಎಯಲ್ಲಿ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಸಮರಕಲೆ) ವೃತ್ತಿಪರಳಾಗಬೇಕೆಂಬ ಆಸೆ. ಒಬ್ಬ ಕೋಚ್ ‘ನಿನ್ನ ಜೂಡೊ ಸಾಕು, 52ಕ್ಕೆ ಇಳಿ, ಆರು ತಿಂಗಳಲ್ಲಿ ಪ್ರೊ ಪಂದ್ಯ ಕೊಡಿಸುತ್ತೇನೆ’ ಎನ್ನುತ್ತಿದ್ದಾರೆ. ಮನೆಯವರಿಗೆ ತಲೆಗೆ ಪೆಟ್ಟು ಬಿದ್ದೀತೆಂಬ ಭಯ. ಮುಂದೆ ಮಕ್ಕಳಾಗುವ ವಿಷಯವೂ ಅವರ ತಲೆಯಲ್ಲಿದೆ. ನನ್ನ ವಯಸ್ಸು ಮೀರಿತೇ? ಇದರಲ್ಲಿ ಬದುಕು ಕಟ್ಟಿಕೊಳ್ಳಲು ಸಾಧ್ಯವೇ?

ಉತ್ತರ: ವಯಸ್ಸು ಮೀರಿಲ್ಲ. ಆರು ತಿಂಗಳಲ್ಲಿ ಪ್ರೊ ಪಂದ್ಯ ಬೇಡ. 52ಕ್ಕೆ ಇಳಿಯುವ ಮಾತನ್ನಂತೂ ಈಗ ಎತ್ತಲೇಬೇಡಿ. ಬದುಕು ಕಟ್ಟಿಕೊಳ್ಳಬಹುದೇ ಎಂಬುದಕ್ಕೆ ಮಾತ್ರ ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ, ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಾನು ಪಂದ್ಯದ ದಿನ ಪಟುವಿನ ಕಾರ್ನರ್‌ನಲ್ಲಿ ಕೂತು ಸಲಹೆ ಕೊಡುವವಳು. ಎಷ್ಟೋ ಹುಡುಗಿಯರ ಕೆರಿಯರ್ ಮುಗಿಯುವುದನ್ನು ಹತ್ತಿರದಿಂದ ಕಂಡಿದ್ದೇನೆ. ಕೇಜಿನೊಳಗೆ, ಅಂದರೆ ಪಂದ್ಯ ನಡೆಯುವ ಪಂಜರದೊಳಗೆ, ಸೋತು ಮನೆಗೆ ಹೋದವರು ಕಡಿಮೆ. ಬೇಗನೆ ಪ್ರೊ ಆದವರು, ತಮ್ಮದಲ್ಲದ ತೂಕಕ್ಕೆ ಇಳಿದವರು, ಜಿಮ್‌ನಲ್ಲೇ ದಿನಾ ತಲೆಗೆ ಪೆಟ್ಟು ತಿಂದವರು — ಹೋದವರಲ್ಲಿ ಇವರೇ ಹೆಚ್ಚು. ನಿಮ್ಮ ಕೋಚ್ ಹೇಳಿದ ಒಂದೇ ವಾಕ್ಯದಲ್ಲಿ ಇದರ ಎರಡು ತಪ್ಪುಗಳಿವೆ, ಅದಕ್ಕೇ ಈ ಉತ್ತರ ಉದ್ದವಾಯಿತು.

ವಯಸ್ಸಿನದು ಬೇಗ ಮುಗಿಸೋಣ. ಕೇಲಾ ಹ್ಯಾರಿಸನ್ 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್‌ಗಳಲ್ಲಿ ಜೂಡೊ ಚಿನ್ನ ಗೆದ್ದವರು. ಮೊದಲ ಎಂಎಂಎ ಪಂದ್ಯ ಆಡಿದ್ದು 2018ರ ಜೂನ್‌ನಲ್ಲಿ, 28 ತುಂಬಲು ಕೆಲವೇ ದಿನಗಳಿದ್ದಾಗ. 2025ರಲ್ಲಿ ಎಂಎಂಎಯ ಅತಿ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯ ಬ್ಯಾಂಟಮ್‌ವೇಟ್ (61.2 ಕೆ.ಜಿ.) ಚಾಂಪಿಯನ್ ಬೆಲ್ಟ್ ಗೆದ್ದರು. ಹಾಲಿ ಹೋಮ್ ಬಾಕ್ಸಿಂಗ್‌ನಲ್ಲಿ ಹೆಸರು ಮಾಡಿ ಬಂದವರು, ಯುಎಫ್‌ಸಿ ಚಾಂಪಿಯನ್ ಆದಾಗ 34 ವರ್ಷ. 22 ಎಂದರೆ ನಿಮ್ಮ ಕೈಯಲ್ಲಿ ಬೇಕಾದಷ್ಟು ಸಮಯವಿದೆ. ಆ ಸಮಯವೇ ನಿಮ್ಮ ದೊಡ್ಡ ಆಸ್ತಿ, ಅದನ್ನು ಆರು ತಿಂಗಳ ಬೆಲೆಗೆ ಮಾರಬೇಡಿ. ಹ್ಯಾರಿಸನ್ ಕೂಡ ರಿಯೊದಿಂದ ಬಂದು ಎರಡು ವರ್ಷ ಹತ್ತಿರ ಕಲಿತ ಮೇಲೆಯೇ ಕೇಜು ಹತ್ತಿದ್ದು. ಒಲಿಂಪಿಕ್ಸ್‌ನ ಎರಡು ಚಿನ್ನ ಗೆದ್ದವರಿಗೇ ಅಷ್ಟು ಬೇಕಾಯಿತು.

ಇನ್ನು ‘ನಿನ್ನ ಜೂಡೊ ಸಾಕು’ ಎಂಬ ಮಾತು. ಜೂಡೊದವರಿಗೆ ಎಲ್ಲರೂ ತೋರಿಸುವ ಉದಾಹರಣೆ ರೋಂಡಾ ರೌಸಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 70 ಕೆ.ಜಿ. ವಿಭಾಗದಲ್ಲಿ ಕಂಚು. ಯುಎಫ್‌ಸಿ ಶುರುವಾದದ್ದು 1993ರಲ್ಲಿ. 2011ರಲ್ಲೂ ಅದರ ಮುಖ್ಯಸ್ಥ ಡೇನಾ ವೈಟ್ ಹೆಂಗಸರ ಪಂದ್ಯ ಯಾವಾಗ ಎಂಬ ಪ್ರಶ್ನೆಗೆ ‘ಎಂದಿಗೂ ಇಲ್ಲ’ ಎಂದಿದ್ದ. ಎರಡೇ ವರ್ಷದಲ್ಲಿ, 2013ರ ಫೆಬ್ರುವರಿ 23ರಂದು, ಅದೇ ಯುಎಫ್‌ಸಿ ರೌಸಿ ಮತ್ತು ಲಿಜ್ ಕಾರ್ಮೂಶ್ ಪಂದ್ಯವನ್ನು ಆ ದಿನದ ಮುಖ್ಯ ಪಂದ್ಯವಾಗಿ ಇಟ್ಟಿತು. ರೌಸಿ ಮೊದಲ ಸುತ್ತಿನಲ್ಲೇ ಆರ್ಮ್‌ಬಾರ್ (ಎದುರಾಳಿಯ ಮೊಣಕೈಯನ್ನು ಹಿಮ್ಮುಖವಾಗಿ ಬಾಗಿಸಿ ಸೋಲೊಪ್ಪಿಸುವ ಪಟ್ಟು) ಹಾಕಿ ಗೆದ್ದರು ಎಂಬುದಷ್ಟೇ ಜನರಿಗೆ ನೆನಪು.

ಆ ಪಂದ್ಯವನ್ನು ಒಮ್ಮೆ ನಿಧಾನವಾಗಿ ನೋಡಿ. ಸುತ್ತಿನ ಮೊದಲ ಭಾಗದಲ್ಲೇ ಕಾರ್ಮೂಶ್ ನಿಂತಿದ್ದ ರೌಸಿಯ ಬೆನ್ನೇರಿ, ಎರಡೂ ಕಾಲು ಸೊಂಟಕ್ಕೆ ಸುತ್ತಿ, ಕೈಯನ್ನು ದವಡೆಗೆ ಅಡ್ಡ ಹಾಕಿ ಕತ್ತು ತಿರುಚುತ್ತಾರೆ. ರೌಸಿ ಆ ಭಾರ ಹೊತ್ತೇ ಓಲಾಡುತ್ತ ಕಾಲುಗಳ ಕೊಂಡಿ ಬಿಡಿಸಿ ಅವರನ್ನು ಕೆಳಕ್ಕೆ ಜಾಡಿಸುತ್ತಾರೆ. ಆರ್ಮ್‌ಬಾರ್ ಬಿದ್ದದ್ದು ಸುತ್ತು ಮುಗಿಯಲು 11 ಸೆಕೆಂಡ್ ಇದ್ದಾಗ. ಯುಎಫ್‌ಸಿಯ ಮೊದಲ ಮಹಿಳಾ ಪಂದ್ಯದಲ್ಲೇ ಬೆಲ್ಟ್ ಕೈಬಿಟ್ಟು ಹೋಗಬಹುದಿತ್ತು. ಜೂಡೊ ಪಟುವಿನ ಬೆನ್ನು ಎದುರಾಳಿಗೆ ಸಿಗುವುದೇನೂ ಆಕಸ್ಮಿಕವಲ್ಲ. ಸೊಂಟದ ಮೇಲೆ ಹೊತ್ತು ಎಸೆಯುವ ಪಟ್ಟುಗಳಿಗೆಲ್ಲ ನಾವು ಬೆನ್ನು ತಿರುಗಿಸಲೇಬೇಕು. ಜಾಕೆಟ್ ಇದ್ದಾಗ ಹಿಡಿತ ಗಟ್ಟಿ. ಬೆವರಿದ ಬರಿ ಮೈಯಲ್ಲಿ ಕೈ ಜಾರಿದರೆ ಎಸೆತ ಅರ್ಧಕ್ಕೇ ನಿಂತು, ಬೆನ್ನು ಮಾತ್ರ ಎದುರಾಳಿಯ ಪಾಲಾಗುತ್ತದೆ.

ನೀವು ಮರೆಯಬೇಕಾದ ಎರಡು ಅಭ್ಯಾಸಗಳಿವೆ. ಮೊದಲನೆಯದು, ಬಿದ್ದೊಡನೆ ಹೊಟ್ಟೆಯಡಿಯಾಗಿ ಆಮೆಯಂತೆ ಮುದುಡಿಕೊಳ್ಳುವುದು. ಜೂಡೊದಲ್ಲಿ ನಾಲ್ಕು ಕ್ಷಣ ತಡೆದರೆ ರೆಫರಿ ‘ಮತ್ತೆ’ (ಜಪಾನೀ ಭಾಷೆಯಲ್ಲಿ ‘ನಿಲ್ಲಿ’) ಎಂದು ಎಬ್ಬಿಸುತ್ತಾನೆ. ಕೇಜಿನಲ್ಲಿ ಯಾರೂ ಎಬ್ಬಿಸುವುದಿಲ್ಲ. ಅಲ್ಲಿ ಆಮೆಯಾದವಳಿಗೆ ಪಕ್ಕೆಲುಬಿಗೆ ಮಂಡಿ, ಕಿವಿಗೆ ಗುದ್ದು, ಕೊನೆಗೆ ಕತ್ತು ಹಿಸುಕುವ ಚೋಕ್. ಎರಡನೆಯದು ಕಾಲಿನ ವಿಷಯ. 2010ರಿಂದ ಜೂಡೊದಲ್ಲಿ ಕಾಲು ಹಿಡಿಯುವುದಕ್ಕೆ ನಿರ್ಬಂಧ ಬಂದು, 2013ರ ಹೊತ್ತಿಗೆ ಪೂರ್ತಿ ನಿಷೇಧವಾಯಿತು. ನೀವು ಕಲಿತದ್ದೆಲ್ಲ ಅದರ ನಂತರದ ಜೂಡೊ. ಹಾಗಾಗಿ ಕುಸ್ತಿ ಹಿನ್ನೆಲೆಯವಳು ನಿಮ್ಮ ಮಂಡಿಗೆ ನುಗ್ಗಿದರೆ ಮೈಗೆ ಉತ್ತರವೇ ಗೊತ್ತಿರುವುದಿಲ್ಲ. ಮೊದಲ ವರ್ಷದ ಅರ್ಧ ಬೆವರು ಸ್ಪ್ರಾಲ್‌ಗೆ (ಕಾಲು ಹಿಂದಕ್ಕೆ ಎಸೆದು, ಭಾರ ಹಾಕಿ ಆ ನುಗ್ಗುವಿಕೆಯನ್ನು ತಡೆಯುವ ಪಟ್ಟು) ಮೀಸಲಿಡಿ. ಕೈಯಲ್ಲಿರುವ ಚಿನ್ನವೂ ಕಡಿಮೆಯೇನಲ್ಲ. ಪಂಜರಕ್ಕೆ ಒತ್ತಿ ಹಿಡಿದಾಗ ಕಾಲು ಗುಡಿಸುವ ಪಟ್ಟುಗಳು, ಎದುರಾಳಿಯ ತೂಕ ಯಾವ ಪಾದದ ಮೇಲಿದೆಯೆಂದು ಕಣ್ಮುಚ್ಚಿ ಹೇಳಬಲ್ಲ ಅಂದಾಜು, ಪೆಟ್ಟಾಗದಂತೆ ಬೀಳುವ ಕಲೆ. ಇವನ್ನು ಬಾಕ್ಸರ್‌ಗಳಿಗೆ ಕಲಿಸಲು ನಮಗೆ ವರ್ಷಗಳು ಹಿಡಿಯುತ್ತವೆ.

ಹೊಡೆತದ ಆಟ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ರೌಸಿಯೇ ತೋರಿಸಿದರು. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ, 56,000ಕ್ಕೂ ಹೆಚ್ಚು ಜನರ ಮುಂದೆ, ಎಡಗೈ ಬಾಕ್ಸರ್ ಹೋಮ್ ಪಕ್ಕಕ್ಕೆ ಸರಿಯುತ್ತಲೇ ಹೋದರು. ರೌಸಿ ತಲೆ ನೆಟ್ಟಗೆ ಇಟ್ಟುಕೊಂಡು ನೇರವಾಗಿ ಬೆನ್ನಟ್ಟಿದರು. ಎರಡನೇ ಸುತ್ತಿನ ಮೊದಲ ನಿಮಿಷದಲ್ಲಿ ಕತ್ತಿಗೆ ಬಿದ್ದ ಕಿಕ್ ಕಥೆ ಮುಗಿಸಿತು. ಮರುವರ್ಷದ ಡಿಸೆಂಬರ್‌ನಲ್ಲಿ ಆಗಿನ ಚಾಂಪಿಯನ್ ಅಮಾಂಡಾ ನೂನೆಸ್ 48 ಸೆಕೆಂಡಿನಲ್ಲಿ ಗೆದ್ದರು, ರೌಸಿ ಯುಎಫ್‌ಸಿಗೆ ಮರಳಲಿಲ್ಲ. ಒಂದೇ ವಿದ್ಯೆ ಬಹಳ ದೂರ ಕರೆದೊಯ್ಯುತ್ತದೆ ಎಂಬುದು ಸುಳ್ಳಲ್ಲ. ಕುಸ್ತಿಯಿಂದ ಬಂದ ರಿತು ಫೋಗಟ್ 2019ರ ನವೆಂಬರ್‌ನಲ್ಲಿ ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಷಿಪ್‌ಗೆ ಕಾಲಿಟ್ಟು, ಎರಡೇ ವರ್ಷದಲ್ಲಿ ಅಲ್ಲಿನ ಗ್ರ್ಯಾಂಡ್ ಪ್ರಿ ಟೂರ್ನಿಯ ಫೈನಲ್‌ಗೆ ಹೋದರು. ಫೈನಲ್‌ನಲ್ಲಿ ಕಿಕ್‌ಬಾಕ್ಸಿಂಗ್ ಮೂಲದ ಸ್ಟ್ಯಾಂಪ್ ಫೇರ್‌ಟೆಕ್ಸ್ ಅವರಿಗೆ ಸೋತದ್ದು ಆರ್ಮ್‌ಬಾರ್‌ಗೆ. ಒದೆಯುವವಳು ಎಂದು ಹೆಸರಾದವಳು ನೆಲದ ಪಟ್ಟನ್ನೂ ಕಲಿತು ಬಂದಿದ್ದಳು ನೋಡಿ!

ಆದ್ದರಿಂದ ಮೊದಲು ಅಮೆಚೂರ್, ಅಂದರೆ ಹವ್ಯಾಸಿ ಪಂದ್ಯಗಳು. ಅಂತರರಾಷ್ಟ್ರೀಯ ಅಮೆಚೂರ್ ಒಕ್ಕೂಟ ಐಎಂಎಂಎಎಫ್ 2014ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಅಲ್ಲಿ ಮೂರು ನಿಮಿಷದ ಮೂರು ಸುತ್ತು, ಮೊಣಕೈ ಹೊಡೆತ ಇಲ್ಲ, ತಲೆಗೆ ಮಂಡಿ ಇಲ್ಲ. ಪ್ರೊ ಆದರೆ ಐದು ನಿಮಿಷದ ಸುತ್ತುಗಳು ಮೂರು, ಬೆಲ್ಟ್‌ಗಾದರೆ ಐದು, ಎಲ್ಲವೂ ತೆಳುವಾದ ನಾಲ್ಕು ಔನ್ಸ್ ಗ್ಲೌಸ್‌ನಲ್ಲಿ. ಕನಿಷ್ಠ ಎರಡು ವರ್ಷ ಅಮೆಚೂರ್ ಆಡಿ, ಬೇರೆ ಬೇರೆ ಶೈಲಿಯವರೊಡನೆ ಒಂದು ಎಂಟು ಪಂದ್ಯವಾದರೂ ಆಗಲಿ. ಅಲ್ಲಿ ಸೋತರೆ ಪ್ರೊ ದಾಖಲೆಗೆ ಕಲೆ ಹತ್ತುವುದಿಲ್ಲ. ಹತ್ತಿದರೂ ಆಕಾಶ ಬೀಳುವುದಿಲ್ಲ ಅನ್ನಿ. ಚೀನಾದ ಜಾಂಗ್ ವೇಲಿ ತಮ್ಮ ಮೊದಲ ಪ್ರೊ ಪಂದ್ಯವನ್ನೇ ಸೋತವರು. 2019ರಲ್ಲಿ ಶೆನ್‌ಜೆನ್‌ನಲ್ಲಿ 42 ಸೆಕೆಂಡಿನಲ್ಲಿ ವಿಶ್ವ ಬೆಲ್ಟ್ ಗೆದ್ದಾಗ ಆ ಸೋಲನ್ನು ಯಾರೂ ಕೇಳಲಿಲ್ಲ. ಚೀನೀ ಸಮರಕಲೆ ವುಶುವಿನಿಂದ ಬಂದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅದಕ್ಕೆ ಮೊದಲು ಸಣ್ಣ ದೊಡ್ಡ ಸಂಸ್ಥೆಗಳಲ್ಲಿ ಸೋತೂ ಗೆದ್ದೂ ಅನೇಕ ವರ್ಷ ಕಳೆದಿದ್ದರು.

ತೂಕದ ಮಾತಿಗೆ ಬರೋಣ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಹೃದಯ ಇದೇ. ಯುಎಫ್‌ಸಿಯಲ್ಲಿ ಹೆಂಗಸರಿಗಿರುವುದು ಮುಖ್ಯವಾಗಿ ಮೂರೇ ವಿಭಾಗ: 52.2 ಕೆ.ಜಿ.ಯ ಸ್ಟ್ರಾವೇಟ್, 56.7ರ ಫ್ಲೈವೇಟ್, 61.2ರ ಬ್ಯಾಂಟಮ್‌ವೇಟ್. 65.8ರ ಫೆದರ್‌ವೇಟ್ ಇತ್ತು, 2023ರಲ್ಲಿ ನೂನೆಸ್ ನಿವೃತ್ತರಾದ ಮೇಲೆ ಅದು ಮುಚ್ಚಿದ ಅಂಗಡಿ. ಗಂಡಸರಿಗೆ ಎಂಟು ವಿಭಾಗ. ಅಂದರೆ ನಮ್ಮ ಮೆಟ್ಟಿಲುಗಳು ಕಡಿಮೆ, ಎರಡರ ನಡುವೆ ಬಿದ್ದವರು ಬಹಳ. ನೀವು ಹಾಗೆ ಬಿದ್ದವರೇ. 58ರಿಂದ 52.2ಕ್ಕೆ 5.8 ಕೆ.ಜಿ., ಸರಿಯಾಗಿ ದೇಹದ ಹತ್ತನೇ ಒಂದು ಭಾಗ. ಫ್ಲೈವೇಟ್‌ಗಾದರೆ ಎರಡು ದಿನ ಉಪ್ಪು ಕಡಿಮೆ ಮಾಡಿದರೆ ಆಯಿತು. ಆದರೆ ಅಲ್ಲಿ ಎದುರು ನಿಲ್ಲುವವರಲ್ಲಿ ಮಾಮೂಲಿ ತೂಕ 60 ದಾಟಿದವರೇ ಹೆಚ್ಚು. ನಿಮ್ಮ ಕೋಚ್‌ಗೆ 52 ಹೊಳೆದದ್ದು ಇದಕ್ಕೇ ಇರಬೇಕು, ತರ್ಕ ಅಷ್ಟೇನೂ ಮೂರ್ಖತನದ್ದಲ್ಲ. ಬ್ರೆಜಿಲ್‌ನ ಜೆಸಿಕಾ ಆಂಡ್ರಾಡೆ ಐದಡಿ ಚಿಲ್ಲರೆ ಎತ್ತರದವರು. 2013ರಿಂದ ಬ್ಯಾಂಟಮ್‌ವೇಟ್‌ನಲ್ಲಿ ತಮಗಿಂತ ದೊಡ್ಡವರೊಡನೆ ಆಡಿ ಗೆದ್ದೂ ಸೋತೂ ಇದ್ದರು, 2016ರಲ್ಲಿ ಸ್ಟ್ರಾವೇಟ್‌ಗೆ ಇಳಿದು 2019ರಲ್ಲಿ ಚಾಂಪಿಯನ್ ಆದರು. ಇಳಿಯುವುದು ಕೆಲವರಿಗೆ ಸರಿಯೇ.

ಆದರೆ ನಿಮಗೆ 22. ಇಷ್ಟು ದಿನ ಜೂಡೊಗಾಗಿ 57ರ ಗೆರೆಯೊಳಗೆ ಇದ್ದ ದೇಹ ಇದು. ಒಳ್ಳೆಯ ವೇಟ್ ಟ್ರೈನಿಂಗ್ ಮಾಡಿದರೆ ಎರಡು ವರ್ಷದಲ್ಲಿ ಎರಡು ಮೂರು ಕೆ.ಜಿ. ಸ್ನಾಯು ಬರುತ್ತದೆ. ಆಗ ನೀವು ಸರಿಯಾದ ಫ್ಲೈವೇಟ್. ಈಗಲೇ 52ಕ್ಕೆ ಕಟ್ಟಿಹಾಕಿದರೆ ಆ ಬೆಳವಣಿಗೆಯನ್ನೇ ಹಸಿವಿನಿಂದ ತಡೆದಂತೆ. ಅಮೆಚೂರ್‌ನಲ್ಲಿ 56.7ರಲ್ಲಿ ಆಡಿ, ನೀರು ಇಳಿಸುವ ಗೋಜಿಗೇ ಹೋಗಬೇಡಿ.

ನೀರು ಇಳಿಸುವುದೆಂದರೆ ಏನೆಂದು ಹೇಳಿಬಿಡುತ್ತೇನೆ, ಪೋಸ್ಟರ್‌ಗಳಲ್ಲಿ ಅದು ಕಾಣುವುದಿಲ್ಲ. ಕೊನೆಯ ರಾತ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ, ಎದ್ದು ಟವೆಲ್‌ಗಳಲ್ಲಿ ಸುತ್ತಿಕೊಂಡು ಮಲಗಿ ಬೆವರು ಸುರಿಸುವುದು, ಎದ್ದು ತೂಗುವುದು, ಮತ್ತೆ ಮುಳುಗುವುದು. ಬಾಯಿ ಒಣಗಿ ಎಂಜಲು ದಾರದಂತೆ ಎಳೆಯುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲೆ. ರಕ್ತದ ಪ್ರಮಾಣ ಕುಗ್ಗಿ ಹೃದಯ ಸುಮ್ಮನೆ ಮಲಗಿದ್ದರೂ ದಡದಡ ಬಡಿಯುತ್ತದೆ. ಬೆಳಿಗ್ಗೆ ತೂಕ ಕೊಟ್ಟು, ಒಂದು ದಿನ ಚಿಲ್ಲರೆ ಸಮಯದಲ್ಲಿ ಕುಡಿದು ತಿಂದು, ಮರುದಿನ ಆ ದೇಹದ ತಲೆಗೆ ಪೆಟ್ಟು ತಿನ್ನಲು ಹೋಗಬೇಕು. ತಕ್ಕಡಿ ಏರಿಬಂದ ತೂಕ ತೋರಿಸಬಹುದು, ಒಳಗಿನ ನೀರು ಅಷ್ಟು ಬೇಗ ತನ್ನ ಜಾಗಕ್ಕೆ ಮರಳುವುದಿಲ್ಲ. ನಿಕೊ ಮೊಂಟಾನ್ಯೊ ಯುಎಫ್‌ಸಿಯ ಮೊದಲ ಮಹಿಳಾ ಫ್ಲೈವೇಟ್ ಚಾಂಪಿಯನ್. 2018ರ ಸೆಪ್ಟೆಂಬರ್‌ನಲ್ಲಿ ಬೆಲ್ಟ್ ಉಳಿಸಿಕೊಳ್ಳಬೇಕಿದ್ದ ಮೊದಲ ಪಂದ್ಯಕ್ಕೆ ತೂಕ ಇಳಿಸುತ್ತಲೇ ಆಸ್ಪತ್ರೆ ಸೇರಿದರು. ಪಂದ್ಯ ರದ್ದಾಯಿತು, ಒಂದೂ ಗುದ್ದು ಬೀಳದೆ ಬೆಲ್ಟ್ ಹೋಯಿತು. 2015ರ ಡಿಸೆಂಬರ್‌ನಲ್ಲಿ ಯಾಂಗ್ ಜಿಯಾನ್ ಬಿಂಗ್ ಎಂಬ 21 ವರ್ಷದ ಚೀನೀ ಯುವಕ ತೂಕ ಇಳಿಸುವಾಗ ಸತ್ತೇ ಹೋದ. ಆ ಸಾವಿನ ನಂತರವೇ ಒನ್ ಚಾಂಪಿಯನ್‌ಷಿಪ್ ನೀರಿಳಿಸಿ ತೂಕ ಕೊಡುವುದನ್ನು ನಿಷೇಧಿಸಿ ಮೂತ್ರ ಪರೀಕ್ಷೆ ತಂದಿತು.

ಹೆಂಗಸರಿಗೆ ಇನ್ನೊಂದು ಪದರ ಇದೆ, ಗಂಡಸು ಕೋಚ್‌ಗಳು ಇದನ್ನು ಕೇಳಲು ಸಂಕೋಚಪಡುತ್ತಾರೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಡುತ್ತದೆ, ಒಂದು ಕೆ.ಜಿ. ಮೇಲೂ ಹೋಗಬಹುದು. ಪಂದ್ಯದ ದಿನಾಂಕ ನಿಮ್ಮ ಕ್ಯಾಲೆಂಡರ್ ನೋಡಿ ನಿಗದಿಯಾಗುವುದಿಲ್ಲ. ಹಾಗಾಗಿ ‘ಕಳೆದ ಸಲ ಇಳಿದಿತ್ತು’ ಎಂಬ ಲೆಕ್ಕ ಈ ಸಲ ಕೈಕೊಡುತ್ತದೆ. ಇದಕ್ಕಿಂತ ದೊಡ್ಡದು ವರ್ಷವಿಡೀ ಅರೆಹೊಟ್ಟೆಯಲ್ಲಿರುವುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದೆ. ಕ್ರೀಡಾ ವೈದ್ಯರು ರೆಡ್-ಎಸ್ ಎನ್ನುತ್ತಾರೆ. ತರಬೇತಿಗೆ ಖರ್ಚಾದದ್ದು ಕಳೆದು, ಕೊಬ್ಬು ಬಿಟ್ಟು ಉಳಿದ ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 45 ಕ್ಯಾಲರಿ ಉಳಿದರೆ ಕ್ಷೇಮ, 30ಕ್ಕಿಂತ ಕಡಿಮೆಯಾದರೆ ಅಪಾಯ ಎಂಬುದು ರೂಢಿಯ ಅಂದಾಜು. ನಿಮ್ಮ 58ರಲ್ಲಿ ಕೊಬ್ಬು ಐದನೇ ಒಂದು ಭಾಗ ಎಂದುಕೊಳ್ಳಿ, ಉಳಿದದ್ದು ಸುಮಾರು 46 ಕೆ.ಜಿ. ತರಬೇತಿಗೆ ದಿನಕ್ಕೆ 800 ಕ್ಯಾಲರಿ ಹೋದರೆ, ತಟ್ಟೆಗೆ ಬರಬೇಕಾದದ್ದು 2,900 ಹತ್ತಿರ. 2,200ಕ್ಕಿಂತ ಕೆಳಗಿಳಿದರೆ ದೇಹ ತನ್ನ ಅಂಗಡಿಗಳನ್ನು ಒಂದೊಂದಾಗಿ ಮುಚ್ಚತೊಡಗುತ್ತದೆ, ಮೊದಲು ಮುಟ್ಟು, ಆಮೇಲೆ ಮೂಳೆ. ಮುಟ್ಟು ಮೂರು ತಿಂಗಳು ನಿಂತರೆ ‘ಗಟ್ಟಿ ತರಬೇತಿಯ ಲಕ್ಷಣ’ ಎಂದು ಬೆನ್ನು ತಟ್ಟುವ ಕೋಚ್‌ಗಳಿದ್ದಾರೆ. ಅಂಥವರ ಬಾಗಿಲಿಂದ ಹೊರಬಂದು ನೇರ ವೈದ್ಯರಲ್ಲಿಗೆ ಹೋಗಿ. ಮುಂದೆ ಮಕ್ಕಳು ಬೇಕೆನ್ನುವವರಿಗಂತೂ ಕೇಜಿನೊಳಗಿನ ಗುದ್ದಿಗಿಂತ ಈ ಹಸಿವಿನ ಬಗ್ಗೆ ಹೆಚ್ಚು ಭಯವಿರಬೇಕು.

ಮನೆಯವರ ಭಯ ತಲೆಯ ಬಗ್ಗೆ. ಅವರ ಭಯ ಸರಿಯಾದದ್ದೇ, ಆದರೆ ನೋಡುತ್ತಿರುವ ಜಾಗ ತಪ್ಪು. ವರ್ಷಕ್ಕೆ ಎರಡು ಮೂರು ಪಂದ್ಯ, ಎಲ್ಲ ಸೇರಿ ಮುಕ್ಕಾಲು ಗಂಟೆ. ಸ್ಪಾರಿಂಗ್ (ಜಿಮ್‌ನಲ್ಲಿ ಜೊತೆಗಾರರೊಡನೆ ಅಭ್ಯಾಸದ ಹೊಡೆದಾಟ) ಮಾತ್ರ ವಾರವಾರವೂ, ವರ್ಷವಿಡೀ. ಕೇಜಿನಲ್ಲಿ ನಾಕೌಟ್ ಆದರೆ ವೈದ್ಯರು ಬೆಳಕು ಬಿಟ್ಟು ಕಣ್ಣು ನೋಡುತ್ತಾರೆ. ನಿಯಂತ್ರಣ ಮಂಡಳಿ ಇರುವ ಕಡೆ 60 ಅಥವಾ 90 ದಿನ ಪಂದ್ಯ ಆಡದಂತೆ ಕಡ್ಡಾಯ ರಜೆ ಬೀಳುತ್ತದೆ. ಅದೇ ಪೆಟ್ಟು ಮಂಗಳವಾರ ಸಂಜೆ ಜಿಮ್‌ನಲ್ಲಿ ಬಿದ್ದರೆ? ನೀರು ಕುಡಿಸಿ ‘ಇನ್ನೊಂದು ರೌಂಡ್’ ಎನ್ನುತ್ತಾರೆ. ಒಂದೇ ಥರದ ಆಟಗಳನ್ನು ಹೋಲಿಸಿದರೆ ಹೆಂಗಸರಿಗೆ ಕನ್‌ಕಶನ್ (ಪೆಟ್ಟಿನಿಂದ ಮಿದುಳು ಅಲುಗಿ ಆಗುವ ಗಾಯ) ಹೆಚ್ಚು, ಚೇತರಿಕೆಗೂ ಹೆಚ್ಚು ದಿನ ಬೇಕಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಮಹಿಳಾ ಪಂದ್ಯಗಳು ಗಂಡಸರವಕ್ಕಿಂತ ಹೆಚ್ಚಾಗಿ ಕೊನೆಯ ಗಂಟೆ ಬಾರಿಸುವವರೆಗೂ ನಡೆದು ತೀರ್ಪುಗಾರರ ಕೈಗೆ ಹೋಗುತ್ತವೆ. ನೋಡುವವರಿಗೆ ಅದು ಕಡಿಮೆ ಅಪಾಯವೆನಿಸುತ್ತದೆ. ನಿಜವಾಗಿ, ಒಂದು ದೊಡ್ಡ ಪೆಟ್ಟಿನ ಬದಲು ನೂರು ಸಣ್ಣ ಪೆಟ್ಟು. 2020ರ ಮಾರ್ಚ್‌ನಲ್ಲಿ ಜಾಂಗ್ ವೇಲಿ ಮತ್ತು ಪೋಲೆಂಡ್‌ನ ಯೊಆನ್ನಾ ಯೆಂಡ್ಜೇಚಿಕ್ ಐದೂ ಸುತ್ತು ಬಡಿದಾಡಿದ ಪಂದ್ಯವನ್ನು ಅಭಿಮಾನಿಗಳು ಈಗಲೂ ಮಹಿಳಾ ಎಂಎಂಎಯ ಶಿಖರ ಎನ್ನುತ್ತಾರೆ. ಯೆಂಡ್ಜೇಚಿಕ್ ಹಣೆ ಊದಿ ಮುಖದ ಗುರುತೇ ಸಿಗದಂತಾಗಿತ್ತು. ಅವರು ಮತ್ತೆ ಆಡಿದ್ದು 2022ರ ಜೂನ್‌ನಲ್ಲಿ, ಅದೇ ಜಾಂಗ್ ಎದುರು. ನಾಕೌಟ್ ಆಗಿ ಅಲ್ಲೇ ಕೇಜಿನಲ್ಲೇ ನಿವೃತ್ತಿ ಹೇಳಿದರು. ಅಂಥ ಪಂದ್ಯ ಆಡುವ ಯೋಗ ಬಂದರೆ ಆಡಿ, ತಡೆಯುವುದಿಲ್ಲ. ಆದರೆ ಅದೇ ಪಂದ್ಯವನ್ನು ಪ್ರತಿ ಶನಿವಾರ ಜಿಮ್‌ನಲ್ಲಿ ಪುಕ್ಕಟೆಯಾಗಿ ಆಡಬೇಡಿ.

ಜೋರು ಸ್ಪಾರಿಂಗ್ ವಾರಕ್ಕೆ ಒಂದು ಸಲ ಸಾಕು, ಅದೂ ಪಂದ್ಯ ಹತ್ತಿರವಿದ್ದಾಗ. ಉಳಿದ ದಿನ ಮೈಗೆ ಹೊಡೆಯಬಹುದು, ತಲೆಯ ಹತ್ತಿರ ಬರೀ ಮುಟ್ಟುವ ಆಟ. ತಲೆ ಗುಂ ಎಂದ ದಿನ ಅಲ್ಲಿಗೇ ನಿಲ್ಲಿಸಿ, ನೋಟ್‌ಪುಸ್ತಕದಲ್ಲಿ ದಿನಾಂಕ ಬರೆದಿಡಿ. ಬೆಳಕು ಕಣ್ಣು ಕುಕ್ಕಿದರೆ, ನಿದ್ದೆ ಕೆಟ್ಟರೆ, ಸುಮ್ಮಸುಮ್ಮನೆ ಸಿಟ್ಟು ಬಂದರೆ ಅದನ್ನೂ ಬರೆಯಿರಿ. ಅವೆಲ್ಲ ಹೋಗುವವರೆಗೆ ಮತ್ತು ವೈದ್ಯರು ಒಪ್ಪುವವರೆಗೆ ಗ್ಲೌಸ್ ಮುಟ್ಟಬಾರದು.

ಜಿಮ್ ಆರಿಸುವುದು ಹೇಗೆ? ಗೋಡೆಯ ಮೇಲಿನ ಬೆಲ್ಟ್‌ಗಳನ್ನು ನೋಡಬೇಡಿ. ಸ್ಪಾರಿಂಗ್ ಇರುವ ಒಂದು ಸಂಜೆ ಸುಮ್ಮನೆ ಹೋಗಿ ಮೂಲೆಯಲ್ಲಿ ಕೂತು ನೋಡಿ. 75 ಕೆ.ಜಿ. ಗಂಡಸು ಹೊಸ ಹುಡುಗಿಯ ಜೊತೆ ಆಡುವಾಗ ಅವಳ ಒಂದು ಪಂಚ್ ಸರಿಯಾಗಿ ಬೀಳುತ್ತದೆ. ಅವನ ಮುಖ ಕೆಂಪಾಗುತ್ತದೆ, ಮುಂದಿನ ಗುದ್ದು ಜೋರಾಗುತ್ತದೆ. ಆ ಕ್ಷಣ ಕೋಚ್ ಎಲ್ಲಿ ನೋಡುತ್ತಿದ್ದಾನೆ, ಏನು ಮಾಡುತ್ತಾನೆ? ಅವನನ್ನು ಹೊರಗೆ ನಿಲ್ಲಿಸಿದರೆ ಅಲ್ಲಿ ಸೇರಿಕೊಳ್ಳಿ. ನಗುತ್ತ ನಿಂತರೆ ಎದ್ದು ಬನ್ನಿ. ನಿಮ್ಮ ತೂಕದ ಹೆಂಗಸರು ಇಬ್ಬರು ಮೂವರಾದರೂ ಇರಬೇಕು. ಹುಡುಗಿಯರು ಸೇರಿ ಸೇರಿ ಬಿಟ್ಟು ಹೋಗುವ ಜಿಮ್ ಆಗಿದ್ದರೆ ಬಿಟ್ಟವರನ್ನು ಹುಡುಕಿ ಕಾರಣ ಕೇಳಿ. ಒಬ್ಬಳೇ ಇರುವಾಗ ಬಾಗಿಲು ಹಾಕಿಕೊಂಡು ತರಬೇತಿ, ತೂಕ ನೋಡುವ ನೆಪದಲ್ಲಿ ಮೈ ಮುಟ್ಟುವುದು, ರಾತ್ರಿ ಮೆಸೇಜುಗಳು, ಇವುಗಳಲ್ಲಿ ಯಾವುದೊಂದಕ್ಕೂ ಎರಡನೇ ಅವಕಾಶ ಕೊಡಬೇಡಿ.

ಮಂಡಿಯ ಬಗ್ಗೆಯೂ ಒಂದು ಮಾತು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಸಂಭವ ಹೆಂಗಸರಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆಯಾದರೆ ಒಂಬತ್ತು ತಿಂಗಳಿಂದ ಒಂದು ವರ್ಷ ಹೋಗುತ್ತದೆ. ತೊಡೆಯ ಹಿಂಭಾಗದ ಸ್ನಾಯು ಗಟ್ಟಿ ಮಾಡಿಕೊಳ್ಳಿ, ಜಿಗಿದು ಇಳಿಯುವುದನ್ನು ಕಲಿಸಬಲ್ಲ ತರಬೇತುದಾರರನ್ನು ಹುಡುಕಿ.

ಮಕ್ಕಳ ವಿಷಯ. ತಾಯಿಯಾದರೆ ಕೆರಿಯರ್ ಮುಗಿಯಿತು ಎಂದು ಹೇಳುವವರಿಗೆ ಈಗ ಉತ್ತರ ಸಿಕ್ಕಿದೆ. ಜೂಲಿಯಾನಾ ಪೆನ್ಯಾ 2018ರಲ್ಲಿ ತಾಯಿಯಾಗಿ, 2019ರಲ್ಲಿ ಮರಳಿ, 2021ರ ಡಿಸೆಂಬರ್‌ನಲ್ಲಿ ನೂನೆಸ್ ಅವರನ್ನೇ ಸೋಲಿಸಿ ಚಾಂಪಿಯನ್ ಆದರು. ಮೀಶಾ ಟೇಟ್ ನಿವೃತ್ತಿ ಹೇಳಿ ಇಬ್ಬರು ಮಕ್ಕಳಾದ ಮೇಲೆ 2021ರಲ್ಲಿ ಮತ್ತೆ ಬಂದು ಗೆದ್ದರು. ಮೆಕೆಂಜಿ ಡರ್ನ್ 2019ರ ಜೂನ್‌ನಲ್ಲಿ ಹೆತ್ತು ಅಕ್ಟೋಬರ್‌ನಲ್ಲೇ ಕೇಜು ಹತ್ತಿದರು, ಜೀವನದ ಮೊದಲ ಎಂಎಂಎ ಸೋಲು ಕಂಡರು. 2025ರಲ್ಲಿ ಬೆಲ್ಟ್ ಗೆದ್ದರು. ನಾಲ್ಕೇ ತಿಂಗಳಲ್ಲಿ ಮರಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸಂದುಗಳು ಇನ್ನೂ ಸಡಿಲ, ಕಿಬ್ಬೊಟ್ಟೆಯ ತಳದ ಸ್ನಾಯು ಇನ್ನೂ ಸೇರಿರುವುದಿಲ್ಲ, ನಿದ್ದೆಯಂತೂ ಇಲ್ಲವೇ ಇಲ್ಲ. ಒಂದು ವರ್ಷ ಇಟ್ಟುಕೊಳ್ಳಿ. ಗರ್ಭಿಣಿಯಾಗಿದ್ದು ಆಡುವ ಪ್ರಶ್ನೆಯೇ ಬರುವುದಿಲ್ಲ, ಅನೇಕ ಕಡೆ ಪಂದ್ಯಕ್ಕೆ ಮೊದಲು ಗರ್ಭ ಪರೀಕ್ಷೆ ಕಡ್ಡಾಯ.

ಇನ್ನು ದುಡ್ಡು. ಈ ಆಟದಲ್ಲಿ ಸಂಬಳವಿಲ್ಲ, ಪಂದ್ಯಕ್ಕೆ ಇಷ್ಟು ಎಂಬ ಲೆಕ್ಕ. ಆಡಲು ಬಂದದ್ದಕ್ಕೆ ಒಂದು ಮೊತ್ತ, ಗೆದ್ದರೆ ಅಷ್ಟೇ ಇನ್ನೊಮ್ಮೆ. ಯುಎಫ್‌ಸಿಯಲ್ಲಿ ಹೊಸಬರ ಒಪ್ಪಂದ ಬಹಳ ವರ್ಷ 10,000 ಡಾಲರ್ ಮತ್ತು ಗೆದ್ದರೆ ಇನ್ನೊಂದು 10,000ದ ಆಸುಪಾಸಿನಲ್ಲಿತ್ತು. ವರ್ಷಕ್ಕೆ ಮೂರು ಆಡಿ ಎರಡು ಗೆದ್ದಿರಿ ಎನ್ನಿ, 50,000. ಮ್ಯಾನೇಜರ್, ಕೋಚ್, ಜಿಮ್ ಎಲ್ಲ ಸೇರಿ ಕಾಲು ಭಾಗ ಹೋಗಬಹುದು, ಆಮೇಲೆ ತೆರಿಗೆ, ಫಿಸಿಯೊ, ತರಬೇತಿ ಶಿಬಿರದ ಖರ್ಚು. ಕೈಗೆ ಉಳಿಯುವುದು ಅರ್ಧ ಎಂದರೆ ಅದೃಷ್ಟ. ಮಂಡಿ ಹರಿದ ವರ್ಷ ಸೊನ್ನೆ. ಇದು ಶಿಖರ ಮುಟ್ಟಿದ ಸಂಸ್ಥೆಯ ಲೆಕ್ಕ. ಅದಕ್ಕೆ ಮೊದಲು ಸಣ್ಣ ಸಂಸ್ಥೆಗಳಲ್ಲಿ ಕಳೆಯುವ ನಾಲ್ಕೈದು ವರ್ಷ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಹ್ಯಾರಿಸನ್ ಪಿಎಫ್ಎಲ್ ಎಂಬ ಇನ್ನೊಂದು ಸಂಸ್ಥೆಯಲ್ಲಿ 2019 ಮತ್ತು 2021ರಲ್ಲಿ ಹತ್ತು ಹತ್ತು ಲಕ್ಷ ಡಾಲರ್ ಗೆದ್ದದ್ದು ನಿಜ, ಆದರೆ ಅಂಥವರನ್ನು ಬೆರಳಲ್ಲಿ ಎಣಿಸಬಹುದು. ಪಟುಗಳು ಕಾನೂನಿನ ಕಣ್ಣಿನಲ್ಲಿ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು, ಪಿಂಚಣಿ ಗಿಂಚಣಿ ಇಲ್ಲ. ಕೂಲಿ ಹತ್ತಿಕ್ಕಿದರೆಂದು ಹಳೆಯ ಪಟುಗಳು ಹೂಡಿದ ಮೊಕದ್ದಮೆಯಲ್ಲಿ ಯುಎಫ್‌ಸಿ 37.5 ಕೋಟಿ ಡಾಲರ್ ಕೊಡಲು ಒಪ್ಪಿದ್ದು ಮೊನ್ನೆ ಮೊನ್ನೆ. ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟದ್ದು 2025ರಲ್ಲಿ.

ಹೀಗಾಗಿ ‘ಬದುಕು ಕಟ್ಟಿಕೊಳ್ಳಬಹುದೇ’ ಎಂದರೆ, ಎರಡನೇ ದುಡಿಮೆಯೊಂದು ಜೊತೆಗಿದ್ದರೆ ಖಂಡಿತ. ಓದು ನಡೆಯುತ್ತಿದ್ದರೆ ಮುಗಿಸಿ. ಮಕ್ಕಳಿಗೆ ಜೂಡೊ ಹೇಳಿಕೊಡುವುದು, ಹೆಂಗಸರಿಗೆ ಗ್ರಾಪ್ಲಿಂಗ್ (ಹಿಡಿತ-ಪಟ್ಟುಗಳ) ಕ್ಲಾಸ್, ಫಿಸಿಯೊ ತರಬೇತಿ, ಇವೆಲ್ಲ ಆಟದ ಜೊತೆಗೇ ಸಾಗುವ ಕೆಲಸಗಳು. ರೆಫರಿ ಮತ್ತು ತೀರ್ಪುಗಾರರ ಕೋರ್ಸನ್ನೂ ಆಡುತ್ತಿರುವಾಗಲೇ ಮಾಡಬಹುದು. 10-9, ಅಂದರೆ ಸುತ್ತು ಗೆದ್ದವಳಿಗೆ 10, ಸೋತವಳಿಗೆ 9 ಅಂಕ, ಹೇಗೆ ಬೀಳುತ್ತದೆಂದು ತಿಳಿದವಳು ಸುತ್ತಿನ ಕೊನೆಯ ನಿಮಿಷವನ್ನು ಬೇರೆ ಥರವೇ ಆಡುತ್ತಾಳೆ.

ಒಪ್ಪಂದ ಕೈಗೆ ಬಂದಾಗ ಮೂರು ಸಾಲು ಹುಡುಕಿ. ಗಾಯವಾದರೆ ಅಥವಾ ಗರ್ಭಿಣಿಯಾದರೆ ಒಪ್ಪಂದದ ಅವಧಿ ಅಲ್ಲಿಗೇ ನಿಂತು ಆಮೇಲೆ ಮುಂದುವರಿಯುತ್ತದೆಯೇ, ಅಥವಾ ಸಂಸ್ಥೆ ತನಗೆ ಬೇಕಾದಷ್ಟು ವರ್ಷ ನಿಮ್ಮನ್ನು ಕಟ್ಟಿಹಾಕಿಕೊಳ್ಳಬಹುದೇ? ವೈದ್ಯಕೀಯ ಪರೀಕ್ಷೆಗಳ ಖರ್ಚು ಯಾರದು? ಎದುರಾಳಿ ತೂಕ ಮೀರಿ ಬಂದರೆ ಅವಳ ಹಣದಲ್ಲಿ ನಿಮಗೆಷ್ಟು? 20 ಅಥವಾ 30 ಶೇಕಡಾ ಕೊಡುವುದು ರೂಢಿ. ಎದುರಾಳಿ ಮೂರು ಕೆ.ಜಿ. ಹೆಚ್ಚಿದ್ದರೆ ಆ ಹಣಕ್ಕಾಗಿ ಕೇಜು ಹತ್ತಬೇಡಿ, ಬೇಡ ಎನ್ನುವ ಹಕ್ಕು ನಿಮಗಿದೆ. ಹತ್ತು ದಿನದ ನೋಟಿಸಿನಲ್ಲಿ ಬರುವ ಫೋನ್‌ಗಳಿಗೂ ಇದೇ ಮಾತು. ಕೋಚ್‌ಗೆ ಆ ಪಂದ್ಯದಿಂದ ಬರುವ ಪಾಲು ಎಷ್ಟೆಂದು ಬಾಯಿಬಿಟ್ಟು ಕೇಳಿ. ಆರು ತಿಂಗಳಲ್ಲಿ ಪ್ರೊ ಮಾಡಿಸುತ್ತೇನೆ ಎಂದವರನ್ನು ಇವತ್ತೇ ಕೇಳಬಹುದು.